ಕಾಡಿನ ಸಿಂಗಲ್ ಟ್ರ್ಯಾಕ್‌ಗೆ ಟೂ-ಸ್ಟ್ರೋಕ್ ಡರ್ಟ್ ಬೈಕು: 250 ಸಾಕಾ, 300 ಬೇಕಾ?

ಮರದಸಂದಿ:

ಎಲ್ಲರಿಗೂ ನಮಸ್ಕಾರ. ದಟ್ಟ ಮರಗಳ ನಡುವಿನ ಕಿರುದಾರಿಯಲ್ಲಿ ಓಡಿಸಲು ಟೂ-ಸ್ಟ್ರೋಕ್ ಬೈಕು ಹುಡುಕುತ್ತಿದ್ದೇನೆ. ಈಗ ಇರುವುದು 230 ಸಿಸಿಯ ಏರ್-ಕೂಲ್ಡ್ ಫೋರ್-ಸ್ಟ್ರೋಕ್. ತೂಕ ಜಾಸ್ತಿ, ಸಸ್ಪೆನ್ಷನ್ ಬೇಗ ತಳ ಮುಟ್ಟುತ್ತದೆ. ನನ್ನ ಎತ್ತರ 168 ಸೆಂ.ಮೀ. ಹೆಲ್ಮೆಟ್, ಬೂಟು, ಗಾರ್ಡು, ನೀರಿನ ಚೀಲ ಎಲ್ಲ ಸೇರಿ ತೂಕ 78 ಕೆ.ಜಿ.

ದಾರಿಯ ತುಂಬ ಬೇರು, ಒದ್ದೆ ಬಂಡೆ, ಅಡ್ಡ ಬಿದ್ದ ಮರ, ಕಡಿದಾದ ಏರು. ಮೂರನೇ ಗೇರ್ ದಾಟುವುದೇ ಅಪರೂಪ. ರೇಸ್ ಆಡುವ ಉದ್ದೇಶ ಇಲ್ಲ, ದಿನವಿಡೀ ಸುಸ್ತಾಗದೆ ಓಡಿಸಬೇಕು.

ಕೇಳಬೇಕಾದ್ದು ಇಷ್ಟು. 150, 200, 250, 300 ಇವುಗಳಲ್ಲಿ ಯಾವುದು? ಕಾರ್ಬ್ಯುರೇಟರ್ ಇರುವುದು ತಗೊಳ್ಳಲೋ, ಇಂಜೆಕ್ಷನ್ನೋ? 960 ಮಿ.ಮೀ. ಸೀಟಿನ ಎತ್ತರ ನನಗೆ ನಿಭಾಯಿಸಲು ಆಗುತ್ತದಾ? ಮೋಟೋಕ್ರಾಸ್ (ಜಿಗಿತಗಳಿರುವ ಮಣ್ಣಿನ ಟ್ರ್ಯಾಕಿನ ರೇಸಿಗೆ ಮಾಡಿದ) ಬೈಕನ್ನೇ ತಂದು ಕಾಡಿಗೆ ಹೊಂದಿಸಿಕೊಂಡರೆ ಏನು ತೊಂದರೆ? ಹೊಸದಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ.


ಕೆಳಗಿನಪಿಕಪ್:

ಮೊದಲು ಒಂದು ಮಾತು. ಹಾರ್ಸ್‌ಪವರ್ ಅಂಕಿ ನೋಡಿ ಆರಿಸಬೇಡಿ. ನೀವು ಹೇಳಿದ ದಾರಿಯಲ್ಲಿ ಎಂಜಿನ್ ಹೆಚ್ಚು ಹೊತ್ತು ಇರುವುದು ಕೆಳಗಿನ ಮೂರನೇ ಒಂದು ಭಾಗದ ಆರ್‌ಪಿಎಂನಲ್ಲಿ. ಅಲ್ಲಿ ಎಂಜಿನ್ ಆಫ್ ಆಗದೆ ಎಳೆಯುತ್ತದಾ, ಆಕ್ಸಿಲರೇಟರ್ ಸ್ವಲ್ಪ ತಿರುವಿದರೆ ಸ್ವಲ್ಪವೇ ಕೊಡುತ್ತದಾ ಅನ್ನುವುದೇ ಮುಖ್ಯ. ಹೆಚ್ಚಿನ ಆರ್‌ಪಿಎಂನಲ್ಲಿ ಬರುವ ಹೊಡೆತ ಎಷ್ಟು ಜೋರಾಗಿದ್ದರೂ ಒದ್ದೆ ಬೇರಿನ ಮೇಲೆ ಹಿಂದಿನ ಚಕ್ರ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ.

ಹೀಗೆ ನೋಡಿದರೆ 125 ಮತ್ತು 150 ಹಗುರ, ತಿರುಗಿಸಲು ಸುಲಭ, ಓಡಿಸಲು ಬಹಳ ಖುಷಿ. ಆದರೆ ಏರಿನಲ್ಲಿ ಕ್ಲಚ್ ಜಾರಿಸುತ್ತ, ಗೇರ್ ಬದಲಿಸುತ್ತ ಆರ್‌ಪಿಎಂ ಮೇಲೆಯೇ ಇಟ್ಟುಕೊಳ್ಳಬೇಕು. ಏರಿನ ನಡುವೆ ಬಂಡೆಗೆ ತಾಗಿ ಒಮ್ಮೆ ನಿಂತರೆ ಅಲ್ಲಿಂದ ಮತ್ತೆ ಹೊರಡುವುದು 300ರಲ್ಲಿ ಸುಲಭ, 150ರಲ್ಲಿ ಕಷ್ಟ. ದಿನವಿಡೀ ಸುಸ್ತಾಗಬಾರದು ಅಂದಿದ್ದೀರಿ, ಹಾಗಾಗಿ 150 ಬೇಡ ಅಂತ ನನ್ನ ಅಭಿಪ್ರಾಯ.

200 ಸಿಸಿ ಒಳ್ಳೆಯ ನಡುದಾರಿ, ಆದರೆ ಆಯ್ಕೆ ಕಡಿಮೆ. ಕೆಟಿಎಂ 200 ಎಕ್ಸ್‌ಸಿ-ಡಬ್ಲ್ಯೂ 2016ರ ಮಾಡೆಲ್‌ಗೆ ನಿಂತಿತು. ಬೀಟಾ 200 ಆರ್‌ಆರ್ 2019ರಲ್ಲಿ ಬಂತು. ಹಳೆಯದರಲ್ಲಿ ಕವಾಸಾಕಿ ಕೆಡಿಎಕ್ಸ್ 200 ಇದೆ. ಕಾಡಿಗೆಂದೇ ಮಾಡಿದ ಎಂಜಿನ್, ಕೆಳಗಿನ ಎಳೆತ ಚೆನ್ನಾಗಿದೆ. ಆದರೆ ಅದರ ಫೋರ್ಕು (ಮುಂದಿನ ಸಸ್ಪೆನ್ಷನ್) ಈಗಿನ ಲೆಕ್ಕಕ್ಕೆ ತೀರಾ ಮೆತ್ತಗೆ, ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ವಿಚಾರಿಸಿಕೊಂಡು ಕೈ ಹಾಕಿ.

ಇನ್ನು 250ಕ್ಕೂ 300ಕ್ಕೂ ಇರುವ ವ್ಯತ್ಯಾಸ. ಕೆಟಿಎಂ ಬಳಗದಲ್ಲಿ ಎರಡರದ್ದೂ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 72 ಮಿ.ಮೀ. ಬೋರ್ (ಸಿಲಿಂಡರಿನ ಅಗಲ) ಮಾತ್ರ 66.4 ಮತ್ತು 72. ಫ್ರೇಮು, ಸಸ್ಪೆನ್ಷನ್ ಹೆಚ್ಚುಕಡಿಮೆ ಒಂದೇ, ತೂಕವೂ ಅಷ್ಟೇ. ಆದರೂ ಓಡಿಸುವಾಗ 250 ಹಗುರ ಅನ್ನಿಸುತ್ತದೆ, ಯಾಕೆಂದರೆ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಸಣ್ಣದು, ಗಾಡಿ ಬೇಗ ವಾಲುತ್ತದೆ. 300ರಲ್ಲಿ ಒಂದು ಗೇರ್ ಮೇಲೆ ಹಾಕಿಕೊಂಡು ನಿಧಾನಕ್ಕೆ ಎಳೆಸಬಹುದು. ಗೇರ್ ಕಡಿಮೆ ಬದಲಿಸಿದರೆ ಕೈಗೂ ಆರಾಮ, ಟಯರಿನ ಹಿಡಿತವೂ ಹೆಚ್ಚು. 300 ಅಂದರೆ ಭಯಂಕರ ಶಕ್ತಿ ಅಂತ ಹೊಸಬರು ಹೆದರುತ್ತಾರೆ. ಕಾಡಿನ ವೇಗದಲ್ಲಿ ನೋಡಿದರೆ, ಸರಿಯಾಗಿ ಸೆಟ್ ಮಾಡಿದ 300 ಮೋಟೋಕ್ರಾಸ್ 250ಗಿಂತ ಎಷ್ಟೋ ಸೌಮ್ಯ.

ಆ ಸೌಮ್ಯತೆಯನ್ನು ಇನ್ನೂ ಹೆಚ್ಚಿಸಬಹುದು. ಕಾರ್ಬ್ಯುರೇಟರ್ ಕಾಲದ ಕೆಟಿಎಂ 250/300ರಲ್ಲಿ ಪವರ್ ವಾಲ್ವಿಗೆ (ಎಂಜಿನ್ ವೇಗಕ್ಕೆ ತಕ್ಕಂತೆ ಎಕ್ಸಾಸ್ಟ್ ಪೋರ್ಟನ್ನು ಹಿಗ್ಗಿಸುವ ಭಾಗ) ಮೂರು ಬಣ್ಣದ ಸ್ಪ್ರಿಂಗ್ ಇರುತ್ತಿತ್ತು. ಹಳದಿ ಸ್ಟಾಂಡರ್ಡ್, ಹಸಿರು ಮೆತ್ತಗೆ, ಕೆಂಪು ಜೋರು. ಒದ್ದೆ ದಾರಿಗೆ ಹಸಿರು ಹಾಕಿ. ಬದಲಿಸಲು ಹೆಚ್ಚು ಹೊತ್ತು ಬೇಡ, ಬಲಬದಿಯ ಸಣ್ಣ ಮುಚ್ಚಳ ಬಿಚ್ಚಿದರೆ ಸಿಗುತ್ತದೆ. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಬಿಗಿಯುವ) ಸ್ಕ್ರೂ ತಿರುಗಿಸುವ ಮೊದಲು ಅದು ಈಗ ಎಲ್ಲಿದೆ ಅಂತ ಗುರುತು ಹಾಕಿಟ್ಟುಕೊಳ್ಳಿ.

ಗೇರಿಂಗ್ ಕೂಡ ನೋಡಿಕೊಳ್ಳಿ. ಮುಂದೆ 14, ಹಿಂದೆ 50 ಹಲ್ಲು ಇದ್ದರೆ ಅನುಪಾತ 3.57. ಮುಂದೆ 13 ಹಾಕಿದರೆ 3.85. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ನಾಲ್ಕು ಹಲ್ಲಿಗೆ ಸಮ. ಮೊದಲನೇ ಗೇರ್‌ನಲ್ಲೂ ಕ್ಲಚ್ ಹಿಡಿದೇ ಇರಬೇಕಾಗುತ್ತಿದ್ದರೆ ಮುಂದೆ 13 ಹಾಕುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಮುಂದೆ 12ಕ್ಕೆ ಮಾತ್ರ ಇಳಿಯಬೇಡಿ. ಚೈನು ತೀರಾ ಸಣ್ಣ ಸುತ್ತಿನಲ್ಲಿ ಮಡಚಿಕೊಂಡು ಬೇಗ ಸವೆಯುತ್ತದೆ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳಿನ) ರಬ್ಬರ್ ಪಟ್ಟಿಯನ್ನೂ ಕೊರೆಯುತ್ತದೆ.

ನಿಮಗೆ 300, ಅದೂ ಎಂಡ್ಯೂರೋ (ಕಾಡುದಾರಿಯ ದೂರದ ಸವಾರಿಗೆ ಮಾಡಿದ) ಮಾದರಿ ಅಂತ ನನ್ನ ಸಲಹೆ. ಕೆಟಿಎಂ ಎಕ್ಸ್‌ಸಿ-ಡಬ್ಲ್ಯೂ ಅಥವಾ ಇಎಕ್ಸ್‌ಸಿ, ಹಸ್ಕ್‌ವರ್ನಾ ಟಿಇ, ಗ್ಯಾಸ್‌ಗ್ಯಾಸ್ ಇಸಿ, ಬೀಟಾ ಆರ್‌ಆರ್, ಶೆರ್ಕೋ ಎಸ್‌ಇ. ಇವುಗಳಲ್ಲಿ ಯಾವುದು ತಗೊಂಡರೂ ಕೆಟ್ಟದ್ದಲ್ಲ. ಬ್ರಾಂಡ್ ಯಾವುದು ಅನ್ನುವುದಕ್ಕಿಂತ ಬಿಡಿಭಾಗ ಯಾವುದಕ್ಕೆ ಬೇಗ ಸಿಗುತ್ತದೆ ಅನ್ನುವುದು ದೊಡ್ಡ ವಿಷಯ.


ಸೂಜಿಜೆಟ್:

300ರ ಬಗ್ಗೆ ಒಪ್ಪಿದೆ. ಕಾರ್ಬ್ಯುರೇಟರ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಯಾವುದು ಮೇಲು ಅನ್ನುವುದು ನಿಮ್ಮ ದಾರಿ ಎಷ್ಟು ಎತ್ತರ ಏರಿ ಇಳಿಯುತ್ತದೆ, ಹವೆ ಎಷ್ಟು ಬದಲಾಗುತ್ತದೆ ಅನ್ನುವುದರ ಮೇಲೆ ಇದೆ. ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಹವೆ ಅಂದರೆ ಒಮ್ಮೆ ಸರಿಯಾದ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಭಾಗ) ಹಾಕಿ ಹೊಂದಿಸಿದ ಕಾರ್ಬ್ಯುರೇಟರಿಗೆ ವರ್ಷಗಟ್ಟಲೆ ಕೈ ಹಚ್ಚಬೇಕಿಲ್ಲ. ಬೆಳಿಗ್ಗೆ ಕಣಿವೆಯಲ್ಲಿ ಹೊರಟು ಮಧ್ಯಾಹ್ನ ಸಾವಿರಾರು ಅಡಿ ಮೇಲಿರುತ್ತೀರಿ ಅಂದರೆ ಇಂಜೆಕ್ಷನ್ ಹಾಯಾಗಿರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ, ಎಂಜಿನ್ ಗೊರಗುಟ್ಟುತ್ತದೆ, ಪ್ಲಗ್ ಕಪ್ಪಾಗುತ್ತದೆ. ಚಳಿಗೆ ಇದರ ಉಲ್ಟಾ, ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ಎಂಜಿನ್ ಹಾಳು ಮಾಡುವುದು ಈ ಎರಡನೆಯದು.

ಕೆಟಿಎಂನಲ್ಲಿ 2018ರ ಮಾಡೆಲ್‌ನಿಂದ ಬಂದ ಟಿಪಿಐ ವ್ಯವಸ್ಥೆಯಲ್ಲಿ ಪೆಟ್ರೋಲನ್ನು ಸಿಲಿಂಡರಿನ ಟ್ರಾನ್ಸ್‌ಫರ್ ಪೋರ್ಟ್‌ಗಳಲ್ಲಿ (ಸಿಲಿಂಡರಿಗೆ ಮಿಶ್ರಣ ಬರುವ ದಾರಿಗಳಲ್ಲಿ) ಸಿಂಪಡಿಸುತ್ತಾರೆ. ಕ್ರ್ಯಾಂಕಿಗೆ ಬೇಕಾದ ಆಯಿಲ್ ಬೇರೆ ಟ್ಯಾಂಕಿನಿಂದ ಪಂಪ್ ಮೂಲಕ ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಗಾಳಿ ಬಿಡುವ ಭಾಗಕ್ಕೆ) ಬರುತ್ತದೆ. ಹಾಗಾಗಿ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಇಲ್ಲ, ಖರ್ಚಾಗುವ ಪೆಟ್ರೋಲೂ ಕಡಿಮೆ. ಆದರೆ ಆಯಿಲ್ ಟ್ಯಾಂಕ್ ತುಂಬಿಸಲು ಮರೆಯುವ ಹಾಗಿಲ್ಲ. ಪೆಟ್ರೋಲಿನಲ್ಲಿ ಕಸ ಇದ್ದರೂ ಇದು ತಾಳುವುದಿಲ್ಲ. ಟ್ಯಾಂಕ್ ಕನೆಕ್ಟರಿನ ಸಣ್ಣ ಫಿಲ್ಟರ್ ಕಟ್ಟಿಕೊಂಡರೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಗಾಡಿ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಆ ಫಿಲ್ಟರನ್ನು ಸರ್ವಿಸ್ ಪಟ್ಟಿಗೆ ಸೇರಿಸಿಕೊಳ್ಳಿ. 2024ರ ಮಾಡೆಲ್‌ನಿಂದ ಎಂಡ್ಯೂರೋ ಬೈಕುಗಳಿಗೆ ಟಿಬಿಐ ಬಂತು, ಅದರಲ್ಲಿ ಸಿಂಪಡಿಕೆ ಥ್ರಾಟಲ್ ಬಾಡಿಯಲ್ಲೇ ಆಗುತ್ತದೆ. ಇಂಜೆಕ್ಷನ್ ಇದೆ ಅಂದಮಾತ್ರಕ್ಕೆ ಆಯಿಲ್ ಬೆರೆಸಬೇಕಿಲ್ಲ ಅಂತ ಊಹಿಸಬೇಡಿ. ಆ ಮಾಡೆಲ್ಲಿನ ಮ್ಯಾನುಯಲ್ ತೆಗೆದು ನೋಡಿ, ತಪ್ಪಿದರೆ ಎಂಜಿನ್ ಸೀಜ್ (ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಲ್ಲುವುದು).

ಕಾರ್ಬ್ಯುರೇಟರ್ ತಗೊಂಡರೆ ಇಷ್ಟು ತಿಳಿದಿರಲಿ. ಆಕ್ಸಿಲರೇಟರಿನ ಮೊದಲ ಕಾಲು ಭಾಗಕ್ಕೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ, ಅದರ ಮೇಲೆ ಮೇನ್ ಜೆಟ್. ಕಾಡಿನಲ್ಲಿ ಓಡಿಸುವವರಿಗೆ ಮೊದಲೆರಡೇ ಜೀವಾಳ. ಬಹಳ ಜನ ಮೇನ್ ಜೆಟ್ಟನ್ನೇ ಬದಲಿಸುತ್ತ ಕೂರುತ್ತಾರೆ, ಅವರ ದಾರಿಯಲ್ಲಿ ಅದು ಕೆಲಸಕ್ಕೆ ಬರುವುದೇ ಇಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್ ಸ್ವಲ್ಪ ಏರಿಸಿ, ಏರ್ ಸ್ಕ್ರೂ ನಿಧಾನಕ್ಕೆ ಹೊರಗೆ ಒಳಗೆ ತಿರುಗಿಸಿ. ಐಡಲ್ ಅತಿ ಹೆಚ್ಚು ಬರುವ ಜಾಗ ಸಿಕ್ಕಿದಾಗ ಪೂರ್ತಿ ಒಳಗಿನಿಂದ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸಿ. ಒಂದರಿಂದ ಎರಡೂವರೆ ಸುತ್ತಿನ ನಡುವೆ ಇದ್ದರೆ ಪೈಲಟ್ ಸರಿ. ಒಂದಕ್ಕಿಂತ ಕಡಿಮೆ ಅಂದರೆ ಪೈಲಟ್ ಸಣ್ಣದು, ದೊಡ್ಡದು ಹಾಕಿ. ಎರಡೂವರೆ ದಾಟಿದರೆ ಪೈಲಟ್ ದೊಡ್ಡದಾಯಿತು. ಸೂಜಿಯ ಕ್ಲಿಪ್ ಒಂದು ಮೆಟ್ಟಿಲು ಮೇಲಿಟ್ಟರೆ ಸೂಜಿ ಕೆಳಗಿಳಿಯುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. 2017ರ ಕೆಟಿಎಂ 250/300ರಲ್ಲಿ ಕೇಹಿನ್ ಬದಲು 38 ಮಿ.ಮೀ. ಮಿಕುನಿ ಬಂತು. ಅದನ್ನು ಹದಕ್ಕೆ ತರಲು ಒದ್ದಾಡಿದವರು ಬಹಳ, ಎಷ್ಟೋ ಜನ ಕಾರ್ಬ್ಯುರೇಟರನ್ನೇ ಬದಲಿಸಿದರು. ಅದೇ ವರ್ಷದ ಎಂಜಿನ್ನಿಗೆ ಬ್ಯಾಲೆನ್ಸರ್ ಶಾಫ್ಟ್ ಕೂಡ ಬಂತು, ಕೈ ಜೋಮು ಹಿಡಿಯುವುದು ಬಹಳ ಕಡಿಮೆಯಾಯಿತು. ಹಾಗಾಗಿ ಕಾರ್ಬ್ಯುರೇಟರ್ ಬದಲಿಸಿದ 2017ರ ಗಾಡಿ ಸಿಕ್ಕರೆ ತಳ್ಳಿಹಾಕಬೇಡಿ.

ಆಯಿಲ್ ಲೆಕ್ಕ: 40:1 ಅಂದರೆ ಲೀಟರಿಗೆ 25 ಮಿ.ಲೀ., 50:1 ಅಂದರೆ 20 ಮಿ.ಲೀ., 60:1 ಅಂದರೆ ಸುಮಾರು 17 ಮಿ.ಲೀ. ಕೆಟಿಎಂನ ಕಾರ್ಬ್ಯುರೇಟರ್ ಮಾಡೆಲ್‌ಗಳ ಮ್ಯಾನುಯಲ್ಲಿನಲ್ಲಿ 60:1 ಇದೆ, ಯಮಹಾ ವೈಜೆಡ್‌ನಲ್ಲಿ 30:1. ಆಯಿಲ್ ಜಾಸ್ತಿ ಹಾಕಿದರೆ ರಿಚ್ ಆಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅದೇ ಜೆಟ್ಟಿನ ತೂತಿನಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಅಂದರೆ ಲೀನ್. ಅನುಪಾತ ಬದಲಿಸಿದಾಗ ಜೆಟ್ಟಿಂಗ್ ಮತ್ತೊಮ್ಮೆ ನೋಡಲೇಬೇಕು. ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸುರಿಯುತ್ತಿದ್ದರೂ ಮೊದಲು ಜೆಟ್ಟಿಂಗ್ ನೋಡಿ, ಆಯಿಲ್ ಕಡಿಮೆ ಮಾಡಬೇಡಿ.

ಉದ್ದದ ಇಳಿಜಾರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಫೋರ್-ಸ್ಟ್ರೋಕಿನಿಂದ ಬರುವವರು ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುತ್ತಾರೆ. ಪ್ರೀಮಿಕ್ಸ್ (ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುವ) ಗಾಡಿಯಲ್ಲಿ ಪೆಟ್ರೋಲ್ ನಿಂತರೆ ಆಯಿಲೂ ನಿಲ್ಲುತ್ತದೆ, ಎಂಜಿನ್ ಮಾತ್ರ ತಿರುಗುತ್ತಿರುತ್ತದೆ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ಕೊಡಿ.


ಸ್ಯಾಗ್_ನೋಡಿ:

ಎಂಜಿನ್ ಬಗ್ಗೆ ಇಷ್ಟು ಮಾತಾಡುತ್ತೀರಿ, ಆದರೆ ಕೇಳಿದವರ ಎತ್ತರ 168. ಅವರಿಗೆ ನಿಜವಾದ ಪ್ರಶ್ನೆ ಅಲ್ಲಿದೆ.

ಕೆಟಿಎಂ, ಯಮಹಾ ಎರಡರ ಸೀಟೂ 960 ಮಿ.ಮೀ. ಆಸುಪಾಸು. ನೀವು ಕೂತಾಗ ಸಸ್ಪೆನ್ಷನ್ ತಗ್ಗುವುದರಿಂದ ಒಂದು ಕಾಲಿನ ಬೆರಳು ನೆಲಕ್ಕೆ ತಾಗುತ್ತದೆ. ಸಮತಟ್ಟು ಜಾಗದಲ್ಲಿ ಅಷ್ಟು ಸಾಕು. ಏರಿನ ನಡುವೆ ನಿಂತಾಗ, ಕಾಲಿಟ್ಟ ಕಡೆ ಹಳ್ಳ ಇದ್ದರೆ ಗಾಡಿ ಬೀಳುತ್ತದೆ, 105 ಕೆ.ಜಿ. ಎತ್ತಬೇಕು. ದಿನಕ್ಕೆ ಹತ್ತು ಸಲ ಎತ್ತಿದರೆ ಶಕ್ತಿ ಅಲ್ಲಿಗೇ ಮುಗಿಯಿತು.

ಅದಕ್ಕೇ ಬೀಟಾ ಎಕ್ಸ್‌ಟ್ರೇನರ್ 300 ಒಮ್ಮೆ ಕೂತು ನೋಡಿ. 2015ರಿಂದ ಬರುತ್ತಿದೆ, ಸೀಟು 910 ಮಿ.ಮೀ., ಆಯಿಲ್ ಇಂಜೆಕ್ಷನ್ ಇದೆ, ಎಂಜಿನ್ ಆರ್‌ಆರ್‌ಗಿಂತ ಮೆತ್ತಗೆ ಟ್ಯೂನ್ ಆಗಿದೆ. ಫೋರ್ಕು ಸರಳವಾದದ್ದು, ವೇಗ ಹೆಚ್ಚಾದರೆ ತಳ ಮುಟ್ಟುತ್ತದೆ, ಜಿಗಿತಕ್ಕೆ ಅಲ್ಲ. ಆದರೆ ಮೂರನೇ ಗೇರ್ ದಾಟುವುದಿಲ್ಲ ಅಂದವರಿಗೆ ಆ ಮೆದುತನವೇ ಲಾಭ, ಕಲ್ಲಿನ ಮೇಲೆ ಟಯರ್ ಅಂಟಿಕೊಂಡೇ ಇರುತ್ತದೆ.

ಎತ್ತರದ ಗಾಡಿಯೇ ತಗೊಂಡರೆ ಮೊದಲ ದಿನವೇ ಸ್ಯಾಗ್ (ಭಾರಕ್ಕೆ ಸಸ್ಪೆನ್ಷನ್ ತಗ್ಗುವ ಅಳತೆ) ಅಳೆಯಿರಿ. ಸ್ಟ್ಯಾಂಡ್ ಮೇಲಿಟ್ಟು ಹಿಂದಿನ ಚಕ್ರ ಗಾಳಿಯಲ್ಲಿ ಇರುವಾಗ, ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ ಅಳತೆ ತಗೊಳ್ಳಿ. ಆಮೇಲೆ ಗಾಡಿ ತನ್ನ ಭಾರದಲ್ಲಿ ನಿಂತಾಗ ಒಮ್ಮೆ, ನೀವು ಪೂರ್ತಿ ಉಡುಪಿನಲ್ಲಿ ಹತ್ತಿದಾಗ ಇನ್ನೊಮ್ಮೆ. ನೀವು ಹತ್ತಿದಾಗಿನ ಇಳಿತ 105 ಮಿ.ಮೀ. ಹತ್ತಿರ ಇರಲಿ, ಬರೀ ಗಾಡಿಯದ್ದು 35 ಮಿ.ಮೀ. ಹತ್ತಿರ. ಪ್ರೀಲೋಡ್ ರಿಂಗ್ ತಿರುಗಿಸಿ 105 ಬಂದ ಮೇಲೂ ಬರೀ ಗಾಡಿಯ ಇಳಿತ 20ಕ್ಕಿಂತ ಕಡಿಮೆ ಇದ್ದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆತ್ತಗಾಯಿತು, ಅದಕ್ಕೇ ಅಷ್ಟು ಪ್ರೀಲೋಡ್ ಬೇಕಾಗಿದೆ. 45 ದಾಟಿದರೆ ಸ್ಪ್ರಿಂಗ್ ಗಟ್ಟಿ. ಕೆಟಿಎಂ ಕಂಪನಿ ಸ್ಪ್ರಿಂಗ್ ಹಾಕುವುದು 75–85 ಕೆ.ಜಿ. ಸವಾರರಿಗೆ, ಹಾಗಾಗಿ ನಿಮಗೆ ಹೊಂದಬೇಕು.

ಇಷ್ಟಾದರೂ ಕಾಲು ಸಿಗದಿದ್ದರೆ ಸೀಟಿನ ಫೋಮ್ 20 ಮಿ.ಮೀ. ಕತ್ತರಿಸಿ. ಹಿಂದೆ ಮಾತ್ರ ತಗ್ಗಿಸುವ ಕಿಟ್ ಹಾಕಬೇಡಿ. ಹಿಂಭಾಗ ಕೂತು ಮುಂಭಾಗ ಎದ್ದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟು ಹೊರಗೆ ಜಾರುತ್ತದೆ. ತಗ್ಗಿಸುವುದಾದರೆ ಫೋರ್ಕಿನ ಒಳಗೆ, ಶಾಕ್ ಒಳಗೆ ಎರಡಕ್ಕೂ ಸ್ಪೇಸರ್ ಹಾಕಿಸಿ ಸಮವಾಗಿ 25 ಮಿ.ಮೀ. ತಗ್ಗಿಸಬೇಕು. ಅದು ಸಸ್ಪೆನ್ಷನ್ ಬಲ್ಲವರ ಕೆಲಸ, ಮನೆಯಲ್ಲಿ ಬಿಚ್ಚಬೇಡಿ. ಶಾಕ್ ಒಳಗೆ ನೈಟ್ರೋಜನ್ ಒತ್ತಡ ಇರುತ್ತದೆ.

ಇನ್ನೊಂದು ವ್ಯತ್ಯಾಸ. ಎಕ್ಸ್‌ಸಿ-ಡಬ್ಲ್ಯೂ, ಇಎಕ್ಸ್‌ಸಿಗಳಲ್ಲಿ ಹಿಂದಿನ ಶಾಕ್‌ಗೆ ಲಿಂಕೇಜ್ (ನಡುವಿನ ಕೀಲುಗಳ ಜೋಡಣೆ) ಇಲ್ಲ, ನೇರ ಸ್ವಿಂಗ್ ಆರ್ಮಿಗೆ ಕೂತಿದೆ. ಎಕ್ಸ್‌ಸಿಯಲ್ಲಿ ಲಿಂಕೇಜ್ ಇದೆ. ಲಿಂಕೇಜ್ ದೊಡ್ಡ ಹೊಡೆತವನ್ನು ನಯವಾಗಿ ನುಂಗುತ್ತದೆ, ಆದರೆ ಕೆಳಗೆ ಜೋತಿರುವುದರಿಂದ ಮರದ ದಿಮ್ಮಿ ದಾಟುವಾಗ ಸಿಕ್ಕಿಕೊಳ್ಳುತ್ತದೆ, ಅದರ ಬೇರಿಂಗುಗಳಿಗೆ ಗ್ರೀಸ್ ಹಾಕುವ ಕೆಲಸವೂ ಇದೆ. ನಿಮ್ಮ ದಾರಿಗೆ ಲಿಂಕೇಜ್ ಇಲ್ಲದ್ದೇ ಸಾಕು.


ಮರದಸಂದಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೂವರಿಗೂ ಧನ್ಯವಾದ. ಎಕ್ಸ್‌ಟ್ರೇನರ್ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಈಗ ಕೈಗೆ ಸಿಗುವ ಹಾಗಿರುವುದು ಎರಡು ಸೆಕೆಂಡ್ ಹ್ಯಾಂಡ್ ಗಾಡಿ. ಒಂದು ಯಮಹಾ ವೈಜೆಡ್ 250, ಮೋಟೋಕ್ರಾಸ್, ನೋಡಲು ಬಹಳ ಚೊಕ್ಕ. ಇನ್ನೊಂದು ಕಾರ್ಬ್ಯುರೇಟರ್ ಇರುವ ಕೆಟಿಎಂ 300 ಎಕ್ಸ್‌ಸಿ-ಡಬ್ಲ್ಯೂ, ಪ್ಲಾಸ್ಟಿಕ್ ಎಲ್ಲ ಗೀಚಿದೆ, ಅವರ್ ಮೀಟರ್ 140 ಗಂಟೆ ತೋರಿಸುತ್ತಿದೆ. ಮೊದಲಿನದು ಅಗ್ಗ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?


ಗ್ಯಾಸ್ಕೆಟ್:

ವೈಜೆಡ್ 250 ಎಂಜಿನ್ ಬಹಳ ಗಟ್ಟಿ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಕಾಡಿಗೆ ಹೊಂದಿಸಲು ಏನೇನು ಬೇಕು ಅಂತ ಕೂಡಿಸಿ ನೋಡಿ. ಹಿಂದಿನ ಚಕ್ರ 19 ಇಂಚು, ಅದನ್ನು 18ಕ್ಕೆ ಬದಲಿಸಬೇಕು. 18ರಲ್ಲಿ ಟಯರಿನ ಪಕ್ಕೆ ಎತ್ತರ ಇರುವುದರಿಂದ ಕಲ್ಲಿಗೆ ಬಡಿದಾಗ ರಿಮ್ ಉಳಿಯುತ್ತದೆ, ಗಾಳಿ ಕಡಿಮೆ ಇಡಬಹುದು. ಎಂಜಿನ್ ಥಟ್ಟನೆ ಆಫ್ ಆಗದಿರಲು ಫ್ಲೈವ್ಹೀಲಿಗೆ 250–350 ಗ್ರಾಂ ತೂಕ ಸೇರಿಸಬೇಕು. ಸ್ಪ್ರಿಂಗ್ ಮೆತ್ತಗಿನವು ಬೇಕು, ಮೋಟೋಕ್ರಾಸ್ ವಾಲ್ವಿಂಗ್ (ಸಸ್ಪೆನ್ಷನ್ ಒಳಗಿನ ಆಯಿಲ್ ಹರಿವಿನ ಹೊಂದಾಣಿಕೆ) ಬೇರಿನ ಮೇಲೆ ಗಾಡಿಯನ್ನು ಆಚೀಚೆ ಎಸೆಯುತ್ತದೆ. ಸೈಡ್ ಸ್ಟ್ಯಾಂಡ್ ಇಲ್ಲ. ಎಲೆಕ್ಟ್ರಿಕ್ ಸ್ಟಾರ್ಟ್ ಇಲ್ಲ, ಮುಂದೆ ಹಾಕಿಸಲೂ ಸುಲಭವಲ್ಲ. ಕಡಿದಾದ ಏರಿನಲ್ಲಿ ಒಂದು ಕಾಲಿನ ಮೇಲೆ ನಿಂತು ಕಿಕ್ ಹೊಡೆಯಬೇಕು, 168 ಸೆಂ.ಮೀ. ಎತ್ತರಕ್ಕೆ ಇದು ಸಣ್ಣ ತೊಂದರೆ ಅಲ್ಲ. ಕೂಡಿಸಿದರೆ ಆ ಅಗ್ಗದ ಲೆಕ್ಕ ಉಳಿಯುವುದಿಲ್ಲ.

ಯಮಹಾವೇ ಬೇಕು ಅಂದರೆ ವೈಜೆಡ್ 250ಎಕ್ಸ್ ಹುಡುಕಿ. 2016ರ ಮಾಡೆಲ್‌ನಿಂದ ಇದೆ. 18 ಇಂಚಿನ ಚಕ್ರ, ಅಗಲ ಅನುಪಾತದ 5 ಗೇರ್, ಕಡಿಮೆ ಕಂಪ್ರೆಷನ್, ಮೆತ್ತಗಿನ ಸಸ್ಪೆನ್ಷನ್, ಸೈಡ್ ಸ್ಟ್ಯಾಂಡ್ ಎಲ್ಲ ಕಂಪನಿಯಿಂದಲೇ ಬರುತ್ತದೆ. ಕಿಕ್ ಮಾತ್ರ ಅದರಲ್ಲೂ ತಪ್ಪದು.

ಈಗ 300ರ ಪರೀಕ್ಷೆ. ಬರುವ ಮೊದಲೇ ಮಾಲೀಕರಿಗೆ ಹೇಳಿ: ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ. ಹೋದ ತಕ್ಷಣ ಸಿಲಿಂಡರಿಗೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ತಣ್ಣಗಿರುವಾಗ ಚೋಕ್ ಹಾಕಿ ಸುಲಭಕ್ಕೆ ಸ್ಟಾರ್ಟ್ ಆದರೆ ಅರ್ಧ ವಿಷಯ ತಿಳಿದ ಹಾಗೆ.

ಗೀಚಿದ ಪ್ಲಾಸ್ಟಿಕ್ ನೋಡಿ ಹಿಂಜರಿಯಬೇಡಿ, ಹೊಸ ಪ್ಲಾಸ್ಟಿಕ್ ನೋಡಿ ನಂಬಲೂ ಬೇಡಿ. ಅವರ್ ಮೀಟರ್ ಬದಲಿಸಲು ಐದು ನಿಮಿಷ ಸಾಕು. ಬೂಟು ಉಜ್ಜುವ ಜಾಗ ನೋಡಿ: ಫ್ರೇಮಿನ ಬಣ್ಣ, ಕ್ಲಚ್ ಕವರ್, ಗೇರ್ ಲಿವರಿನ ತುದಿ, ಫುಟ್‌ಪೆಗ್ ಹಲ್ಲು. 140 ಗಂಟೆಗೆ ಒಂದಿಷ್ಟು ಸವೆತ ಸಹಜ. ಮೀಟರ್ 30 ತೋರಿಸಿ ಕ್ಲಚ್ ಕವರ್ ಬೆಳ್ಳಗೆ ಸವೆದಿದ್ದರೆ ಅದು ಸುಳ್ಳು.

ಏರ್ ಫಿಲ್ಟರ್ ತೆಗೆಸಿ. ಇದೊಂದು ಮಾತ್ರ ಬಿಡಲೇಬೇಡಿ. ಫಿಲ್ಟರಿನ ಹಿಂದೆ ಕಾರ್ಬ್ಯುರೇಟರ್ ಕಡೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬೆರಳು ಸವರಿ. ಮಣ್ಣಿನ ಪುಡಿ ಹತ್ತಿದರೆ ಆ ಎಂಜಿನ್ ಮರಳು ತಿಂದಿದೆ, ರಿಂಗು, ಸಿಲಿಂಡರ್, ಕ್ರ್ಯಾಂಕ್ ಬೇರಿಂಗ್ ಎಲ್ಲ ಸವೆದಿರುತ್ತವೆ. ಸಿಲಿಂಡರಿನ ಒಳಪದರ ನಿಕಾಸಿಲ್ ಅನ್ನುವ ಗಟ್ಟಿ ಲೇಪನ. ಹಳೆ ಎರಕದ ಸಿಲಿಂಡರ್ ಹಾಗೆ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಹಾಕಿದರೆ ಆಗುವುದಿಲ್ಲ, ಮತ್ತೆ ಲೇಪನ ಮಾಡಿಸಬೇಕು.

ಎಕ್ಸ್‌ಪಾನ್ಷನ್ ಚೇಂಬರ್ (ಎಂಜಿನ್ನಿನಿಂದ ಹೊರಡುವ ಉಬ್ಬಿದ ಹೊಗೆಕೊಳವೆ) ಬಿಚ್ಚಲು ಮಾಲೀಕರು ಒಪ್ಪಿದರೆ, ಸ್ಪ್ರಿಂಗ್ ತೆಗೆದು ಎಕ್ಸಾಸ್ಟ್ ಪೋರ್ಟ್ ಮೂಲಕ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೇಲಿನಿಂದ ಕೆಳಗೆ ನೇರ ಗೀರು ಇದ್ದರೆ ಸೀಜ್ ಆದ ಗುರುತು. ನಾಲ್ಕು ಮೂಲೆಗಳಲ್ಲಿ ಗೀರು ಅಂದರೆ ತಣ್ಣಗಿರುವಾಗಲೇ ಜೋರಾಗಿ ಓಡಿಸಿದ್ದಾರೆ, ಫೋರ್ಜ್ಡ್ ಪಿಸ್ಟನ್‌ನಲ್ಲಿ ಇದು ಹೆಚ್ಚು. ರಿಂಗಿನ ಕೆಳಗೆ ಕಂದು ಕಲೆ ಇಳಿದಿದ್ದರೆ ರಿಂಗ್ ಮುಗಿದಿದೆ, ಅದಕ್ಕೆ ಹೆದರಬೇಕಿಲ್ಲ. ಟ್ರೇಲ್ ಬಳಕೆಯಲ್ಲಿ 80–100 ಗಂಟೆಗೊಮ್ಮೆ ಪಿಸ್ಟನ್, ರಿಂಗ್ ಬದಲಿಸುವುದು ವಾಡಿಕೆ. 140ಕ್ಕೆ ಒಮ್ಮೆಯಾದರೂ ಆಗಿರಬೇಕು, ಬಿಲ್ ಕೇಳಿ.

ಗೇರ್ ಆಯಿಲ್ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ವಾಟರ್ ಪಂಪ್ ಸೀಲ್ ಹೋಗಿ ಕೂಲೆಂಟ್ ಬೆರೆತಿದೆ. ಆಯಿಲ್ ಮಟ್ಟ ಕಡಿಮೆಯಾಗುತ್ತ, ಹೊಗೆ ದಟ್ಟವಾಗಿ, ಪ್ಲಗ್ ಯಾವಾಗಲೂ ಒದ್ದೆ ಇದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಗೇರ್ ಆಯಿಲನ್ನು ಒಳಗೆ ಎಳೆಯುತ್ತಿದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಐಡಲ್ ಕೆಳಗಿಳಿಯದೆ ಮೇಲೆಯೇ ತೂಗಾಡುತ್ತದೆ. ಈ ಎರಡನೆಯದು ಅಪಾಯ, ಲೀನ್ ಆಗಿ ಪಿಸ್ಟನ್ ಕರಗುತ್ತದೆ. ತಂದ ಮೇಲೆ ಸೀಲುಗಳ ಖಾತ್ರಿ ಬೇಕಿದ್ದರೆ ಇಂಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿಸಿ ನೋಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಿ.

ಓಡಿಸುವಾಗ ಪ್ರತಿ ಗೇರ್‌ನಲ್ಲೂ ಜೋರಾಗಿ ಎಳೆಸಿ, ಗೇರ್ ತಾನಾಗಿ ಬಿಟ್ಟುಕೊಂಡರೆ ಎಂಜಿನ್ ಕೇಸನ್ನೇ ಸೀಳಬೇಕಾದ ಕೆಲಸ. ಮೂರನೇ ಗೇರ್‌ನಲ್ಲಿ ಬ್ರೇಕ್ ಸ್ವಲ್ಪ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಜಾರುತ್ತದಾ ತಿಳಿಯುತ್ತದೆ. ಹೈಡ್ರಾಲಿಕ್ ಕ್ಲಚ್ಚಿನ ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆ ನೋಡಿ. ಮಗುರಾದಲ್ಲಿ ಮಿನರಲ್ ಆಯಿಲ್, ಬ್ರೆಂಬೋದಲ್ಲಿ ಡಾಟ್ ಬ್ರೇಕ್ ಆಯಿಲ್. ಅದಲು ಬದಲಾದರೆ ರಬ್ಬರ್ ಉಬ್ಬಿ ಕ್ಲಚ್ ಕಾಡಿನ ನಡುವೆ ಕೈ ಕೊಡುತ್ತದೆ.

ಕೊನೆಗೆ ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು ಹಿಂದಿನ ಚಕ್ರವನ್ನು ಮೇಲಕ್ಕೆತ್ತಿ ಬಿಡಿ, ಟಕ್ ಅಂದರೆ ಶಾಕ್ ಬೇರಿಂಗ್ ಸಡಿಲ. ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ, ನಡುವೆ ತಡೆದು ನಿಂತರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ರೇಡಿಯೇಟರ್ ಸೊಟ್ಟಗಾಗಿದೆಯಾ ಮುಂದಿನಿಂದ ನೋಡಿ. ಸೊಟ್ಟ ಇದ್ದೂ ಸೋರದಿದ್ದರೆ ಬೆಲೆ ಇಳಿಸಿ ತಗೊಳ್ಳಬಹುದು.


ಒದ್ದೆಬೇರು:

ಮೇಲಿನವರು ಎಲ್ಲ ಹೇಳಿದ್ದಾರೆ, ತಂದ ಮೇಲಿನ ಮಾತು ಮಾತ್ರ ಉಳಿದಿದೆ. ಮೊದಲ ಸವಾರಿಗೆ ಮುಂಚೆಯೇ ಹಾಕಿಸಬೇಕಾದ್ದು ಮೂರು: ಎಂಜಿನ್ ಅಡಿಗೆ ಸ್ಕಿಡ್ ಪ್ಲೇಟ್, ರೇಡಿಯೇಟರ್ ಬ್ರೇಸ್, ಎಕ್ಸ್‌ಪಾನ್ಷನ್ ಚೇಂಬರಿಗೆ ಗಾರ್ಡ್. ಟೂ-ಸ್ಟ್ರೋಕಿನ ಚೇಂಬರ್ ಮುಂದಕ್ಕೆ ಉಬ್ಬಿಕೊಂಡಿರುವುದರಿಂದ ಬಂಡೆಗೆ ಮೊದಲು ಸಿಗುವುದು ಅದೇ. ಸಣ್ಣ ನೆಗ್ಗು ಗೊತ್ತಾಗುವುದಿಲ್ಲ. ದೊಡ್ಡ ನೆಗ್ಗಾದರೆ ಒಳಗಿನ ಅಲೆಯ ಲೆಕ್ಕ ತಪ್ಪಿ ನಡುವಿನ ಪಿಕಪ್ ಕಡಿಮೆಯಾಗುತ್ತದೆ. ಜೊತೆಗೆ ಅಲ್ಯುಮಿನಿಯಂ ಪಟ್ಟಿಯ ಹ್ಯಾಂಡ್ ಗಾರ್ಡ್ ಇರಲಿ. ಮರಕ್ಕೆ ತಾಗಿದರೆ ಲಿವರೂ ಉಳಿಯುತ್ತದೆ, ಬೆರಳೂ ಉಳಿಯುತ್ತವೆ. ಹ್ಯಾಂಡಲ್ ಸುಮಾರು 810 ಮಿ.ಮೀ. ಅಗಲ ಬರುತ್ತದೆ. ಮರಗಳು ಹತ್ತಿರ ಹತ್ತಿರ ಇದ್ದರೆ ಎರಡೂ ಕಡೆ 20–25 ಮಿ.ಮೀ. ಕತ್ತರಿಸಿ. ಅದಕ್ಕೆ ಮುಂಚೆ ಗ್ರಿಪ್, ಲಿವರ್, ಸ್ವಿಚ್ ಎಲ್ಲ ಒಳಗೆ ಸರಿದು ಕೂರುತ್ತವಾ ಅಂತ ಇಟ್ಟು ನೋಡಿ.

ಟಯರ್ ಗಾಳಿ: ದಪ್ಪ ಹೆವಿ ಡ್ಯೂಟಿ ಟ್ಯೂಬ್ ಇದ್ದರೆ 12 ಪಿಎಸ್‌ಐನಿಂದ ಶುರು ಮಾಡಿ, ಕಲ್ಲು ಕಡಿಮೆ ಇದ್ದರೆ 10. ರಿಮ್ ಲಾಕ್ (ಟಯರನ್ನು ರಿಮ್ಮಿಗೆ ಬಿಗಿಯುವ ಭಾಗ) ಇಲ್ಲದೆ ಅಷ್ಟು ಕಡಿಮೆ ಇಟ್ಟರೆ ಟಯರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಕೊಂಡು ಬರುತ್ತದೆ. ಟಬ್ಲಿಸ್ (ಟ್ಯೂಬಿನ ಬದಲು ಸಣ್ಣ ಬ್ಲಾಡರ್ ಕೂರಿಸುವ ವ್ಯವಸ್ಥೆ) ಹಾಕಿದರೆ ಒಳಗಿನ ಬ್ಲಾಡರಿಗೆ 100–110 ಪಿಎಸ್‌ಐ, ಹೊರಗೆ 6–8 ಸಾಕು. ಪ್ರತಿ ಸವಾರಿಗೂ ಮುಂಚೆ ಒಳಗಿನ ಒತ್ತಡ ನೋಡಲೇಬೇಕು. ಒದ್ದೆ ಬೇರಿಗೆ ಮೆತ್ತಗಿನ ರಬ್ಬರಿನ ಹಿಂದಿನ ಟಯರ್ ಕೊಡುವ ಹಿಡಿತವನ್ನು ಎಂಜಿನ್ನಿನ ಯಾವ ಬದಲಾವಣೆಯೂ ಕೊಡುವುದಿಲ್ಲ. ಬೇಗ ಸವೆಯುತ್ತದೆ, ಆದರೂ ದುಡ್ಡು ಮೊದಲು ಅಲ್ಲಿ ಹಾಕಿ.

ನಿಧಾನದ ಏರಿನಲ್ಲಿ ಕ್ಲಚ್ ಜಾರಿಸುತ್ತ ಇದ್ದರೆ ಕೂಲೆಂಟ್ ಕುದಿಯುತ್ತದೆ, ಗಾಳಿ ತಾಗುವುದಿಲ್ಲವಲ್ಲ. ಥರ್ಮೋ ಸ್ವಿಚ್ ಇರುವ ಫ್ಯಾನ್ ಕಿಟ್ ಹಾಕಿಸಿ. ಅರಣ್ಯದ ದಾರಿಗಳಲ್ಲಿ ಕೆಲವು ಕಡೆ ಸ್ಪಾರ್ಕ್ ಅರೆಸ್ಟರ್ (ಕಿಡಿ ಹೊರಬೀಳದಂತೆ ತಡೆಯುವ ಭಾಗ) ಇರುವ ಸೈಲೆನ್ಸರ್ ಕಡ್ಡಾಯ, ಅದನ್ನೂ ವಿಚಾರಿಸಿಕೊಳ್ಳಿ. ಸೈಲೆನ್ಸರ್ ಪ್ಯಾಕಿಂಗ್ ಆಯಿಲ್ ಕುಡಿದು ತೋಯ್ದಿದ್ದರೆ ಸದ್ದು ಒಡೆದ ಹಾಗೆ ಬರುತ್ತದೆ, ಬದಲಿಸಿ.

ಮರದಸಂದಿ ಅವರೇ, ನನ್ನ ಲೆಕ್ಕದಲ್ಲಿ ಆ 300 ನೋಡಲು ಹೋಗಿ. ಏರ್ ಫಿಲ್ಟರ್ ಹಿಂದೆ ಚೊಕ್ಕ ಇದ್ದು, ಗೇರ್ ಬಿಟ್ಟುಕೊಳ್ಳದಿದ್ದರೆ ಅದನ್ನೇ ತಗೊಳ್ಳಿ. ಪಿಸ್ಟನ್, ರಿಂಗ್, ರೀಡ್ (ಇಂಟೇಕಿನ ತೆಳು ಪಟ್ಟಿಯ ವಾಲ್ವ್), ಎರಡೂ ಕ್ರ್ಯಾಂಕ್ ಸೀಲ್ ಒಟ್ಟಿಗೇ ಬದಲಿಸುವ ಖರ್ಚನ್ನು ಗಾಡಿಯ ಬೆಲೆಗೆ ಮೊದಲೇ ಸೇರಿಸಿಕೊಂಡು ಮಾತಾಡಿ. ಸೀಟಿನ ಎತ್ತರ ಹೊಂದುವುದೇ ಇಲ್ಲ ಅನ್ನಿಸಿದರೆ ಮಾತ್ರ ಎಕ್ಸ್‌ಟ್ರೇನರ್ ಸಿಗುವವರೆಗೆ ಕಾಯಿರಿ. ವೈಜೆಡ್ ಎಷ್ಟೇ ಚೊಕ್ಕ ಇದ್ದರೂ ಈ ದಾರಿಗೆ ಬೇಡ.